ಸುತ್ತಿಗೊಂದು ಟಕ್

ಟಕ್... ಟಕ್... ಟಕ್. ನಿಮಿಷಕ್ಕೆ ನೂರು ಸಲ. ನನ್ನ ಮಿಲ್ಲಿಂಗ್ ಮೆಷಿನ್‌ನ ಕಟ್ಟರ್‌ಗೆ, ಅಂದರೆ ಕಬ್ಬಿಣ ಕಡಿಯುವ ಚಕ್ರಕ್ಕೆ, ಹತ್ತು ಹಲ್ಲಿದೆ, ನಿಮಿಷಕ್ಕೆ ನೂರು ಸುತ್ತು ತಿರುಗುತ್ತದೆ. ಲೆಕ್ಕದ ಪ್ರಕಾರ ನಿಮಿಷಕ್ಕೆ ಸಾವಿರ ಸಲ ಹಲ್ಲು ಕಬ್ಬಿಣ ಮುಟ್ಟಬೇಕು. ಅಷ್ಟೂ ಒಂದಕ್ಕೊಂದು ಸೇರಿಕೊಂಡು ಗುಂಯ್ ಅನ್ನುವ ಒಂದೇ ದನಿ ಬರಬೇಕು. ನನಗೆ ಕೇಳುತ್ತಿದ್ದದ್ದು ಸುತ್ತಿಗೊಂದು ಟಕ್. ಅಂದರೆ ಹತ್ತರಲ್ಲಿ ಒಂದೋ ಎರಡೋ ಹಲ್ಲು ಎಲ್ಲ ಭಾರ ಹೊತ್ತು ಕಡಿಯುತ್ತಿದ್ದವು, ಉಳಿದವು ಸುಮ್ನೆ ಗಾಳಿಯಲ್ಲಿ ಸುತ್ತಿ ಬರುತ್ತಿದ್ದವು. ನಾಲ್ಕು ತಿಂಗಳು ಆ ಶಬ್ದ ನನ್ನ ಬೆನ್ನು ಬಿಡಲಿಲ್ಲ. ಬ್ಯಾಂಕಿನಲ್ಲಿ ಕೂತಿರುವಾಗ ಯಾರಾದರೂ ಒಂದೇ ಸಮನೆ ಸೀಲು ಒತ್ತಿದರೆ ಅದೇ ನೆನಪಾಗುತ್ತಿತ್ತು. ಅದಕ್ಕೆ ಒಂದು ಕಾರಣವೂ ಇತ್ತು. ಆ ಶಬ್ದ ನನ್ನ ಕೈಯಿಂದಲೇ ಆದದ್ದು ಅಂತ ನಾನು ನಂಬಿಕೊಂಡಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ.

ನಮ್ಮ ಮನೆ ಬೆಂಗಳೂರಿನ ನಂದಿನಿ ಲೇಔಟ್‌ನಲ್ಲಿದೆ. ಕೆಳಗಿನ ಕಾರ್ ಶೆಡ್ಡಿನಲ್ಲಿ ಎರಡು ವರ್ಷದಿಂದ ಒಂದು ಹಳೇ ಹಾರಿಜಾಂಟಲ್ ಮಿಲ್ಲಿಂಗ್ ಮೆಷಿನ್ ನಿಂತಿದೆ. ಲೇತ್ ಎಲ್ಲರೂ ನೋಡಿರುತ್ತೀರಿ. ಅಲ್ಲಿ ಜಾಬ್, ಅಂದರೆ ಕಡಿಯಬೇಕಾದ ತುಂಡು, ತಿರುಗುತ್ತದೆ, ಟೂಲ್ ತಿರುಗುವುದಿಲ್ಲ. ಮಿಲ್ಲಿಂಗ್‌ನಲ್ಲಿ ಕಟ್ಟರ್ ತಿರುಗುತ್ತದೆ, ಟೇಬಲ್ ಮೇಲೆ ಕಟ್ಟಿದ ಜಾಬ್ ಅದರ ಕೆಳಗೆ ನಿಧಾನಕ್ಕೆ ಸರಿಯುತ್ತದೆ. ಹಾರಿಜಾಂಟಲ್ ಮೆಷಿನ್‌ನಲ್ಲಿ ಕಟ್ಟರ್ ಒಂದು ಉದ್ದನೆ ಅಡ್ಡ ಕಂಬಿಯ ಮೇಲೆ ಕೂತಿರುತ್ತದೆ. ಅದಕ್ಕೆ ಆರ್ಬರ್ ಅನ್ನುತ್ತಾರೆ. ಅದರ ಒಂದು ತುದಿ ಮೋಟಾರ್ ತಿರುಗಿಸುವ ಸ್ಪಿಂಡಲ್ ಒಳಗೆ, ಇನ್ನೊಂದು ತುದಿ ಮೇಲಿನ ತೋಳಿನಿಂದ ಇಳಿದ ಸಪೋರ್ಟ್ ಒಳಗೆ. ಕಟ್ಟರ್‌ನ ಎಡಕ್ಕೂ ಬಲಕ್ಕೂ ಕೈಬಳೆ ತೊಡಿಸಿದ ಹಾಗೆ ಸ್ಪೇಸರ್‌ಗಳನ್ನು ತೊಡಿಸಿ, ಕೊನೆಯಲ್ಲಿ ಒಂದು ದೊಡ್ಡ ನಟ್ ಹಾಕಿ ಬಿಗಿಯುತ್ತಾರೆ. ಈ ಬಳೆಗಳನ್ನು ನೆನಪಿಟ್ಟುಕೊಳ್ಳಿ.

ನಾನು ಬ್ಯಾಂಕ್ ನೌಕರ. ಹಲವು ವರ್ಷ ರಾಜಾಜಿನಗರ, ಕಾಮಾಕ್ಷಿಪಾಳ್ಯದ ಕಡೆಯ ಸಣ್ಣ ವರ್ಕ್‌ಶಾಪ್‌ಗಳಿಗೆ ಇನ್‌ಸ್ಪೆಕ್ಷನ್‌ಗೆ ಹೋಗುತ್ತಿದ್ದೆ. ಸಾಲಕ್ಕೆ ಅಡಮಾನ ಇಟ್ಟ ಮೆಷಿನ್ ಜಾಗದಲ್ಲೇ ಇದೆಯಾ ನೋಡಬೇಕು, ಪ್ಲೇಟಿನ ಮೇಲಿನ ನಂಬರ್ ಬರೆದುಕೊಳ್ಳಬೇಕು, ಸಹಿ ಹಾಕಿಸಿಕೊಂಡು ಬರಬೇಕು. ನೂರಾರು ಮೆಷಿನ್‌ಗಳ ನಂಬರ್ ಬರೆದಿದ್ದೇನೆ. ಒಂದರ ಹ್ಯಾಂಡಲ್‌ನೂ ತಿರುಗಿಸಿರಲಿಲ್ಲ. ಎಣ್ಣೆ ವಾಸನೆ, ಕಬ್ಬಿಣದ ಬಿಸಿ ಚೂರು, ಆಪರೇಟರ್‌ಗಳು ಕಣ್ಣು ಬೇರೆ ಕಡೆ ಇಟ್ಟುಕೊಂಡೇ ಬರೀ ಕಿವಿಯಿಂದ ಕಟ್ ಹೇಗೆ ಹೋಗುತ್ತಿದೆ ಅಂತ ತಿಳಿಯುವ ರೀತಿ, ಇದೆಲ್ಲ ನೋಡಿ ನೋಡಿ ನನಗೂ ಆಸೆ ಹುಟ್ಟಿತ್ತು. ಕಾಮಾಕ್ಷಿಪಾಳ್ಯದ ಒಂದು ಶಾಪ್ ಮುಚ್ಚುವಾಗ ಮೂಲೆಯಲ್ಲಿ ಈ ಮೆಷಿನ್ ಕಂಡಿತು. ಮಾಲೀಕರ ಮಗ ಪೀಣ್ಯದಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮೆಷಿನ್) ಹಾಕಿದ್ದ. ಇದನ್ನು ಕೇಳುವವರು ಇರಲಿಲ್ಲ. ಪ್ಲೇಟ್ ಯಾವಾಗಲೋ ಕಿತ್ತುಹೋಗಿತ್ತು, ನಾಲ್ಕು ರಿವೆಟ್ ತೂತು ಮಾತ್ರ ಉಳಿದಿತ್ತು. ಪ್ಲೇಟ್ ಇಲ್ಲದ ಮೆಷಿನ್‌ಗೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಗುಜರಿ ಲೆಕ್ಕದಲ್ಲಿ, ಕೆ.ಜಿ.ಗೆ 45 ರೂಪಾಯಿಯಂತೆ ತೂಕ ಹಾಕಿಸಿ ತಂದೆ. ಹತ್ತಿರ ಹತ್ತಿರ 600 ಕೆ.ಜಿ. ಇತ್ತು. ಅಲ್ಲಿ ಚೈನ್ ಪುಲ್ಲಿಯಲ್ಲಿ ಎತ್ತಿ ಟಾಟಾ ಏಸ್‌ಗೆ ಹಾಕಿದರು. ಇಲ್ಲಿ ಇಳಿಸಿ, ಕೆಳಗೆ ಪೈಪು ಕೊಟ್ಟು, ಹಾರೆಯಲ್ಲಿ ಇಂಚಿಂಚೇ ಮೀಟಿ ಒಳಗೆ ತಂದರು.

ಮಾವ ಬಂದರು

ನನ್ನ ಸೋದರಮಾವ ಜಾಲಹಳ್ಳಿಯ ಎಚ್‌ಎಂಟಿಯಲ್ಲಿ 34 ವರ್ಷ ಫಿಟ್ಟರ್ ಆಗಿದ್ದವರು. ಅದರಲ್ಲೂ ಜಾಸ್ತಿ ವರ್ಷ ಸ್ಕ್ರೇಪಿಂಗ್‌ನಲ್ಲೇ, ಅಂದರೆ ಮೆಷಿನ್‌ನ ಜಾರುವ ಮುಖಗಳನ್ನು ಕೈಯಿಂದ ಕೆರೆದು ಸಮ ಮಾಡುವ ಕೆಲಸದಲ್ಲೇ, ಕಳೆದವರು. ಎಚ್‌ಎಂಟಿ ಶುರುವಾದದ್ದು 1953ರಲ್ಲಿ, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ. ಮೊದಲು ಬಂದದ್ದು ಲೇತ್. ಆಮೇಲೆ 1961ರಲ್ಲಿ ಜರ್ಮನಿಯ ಫ್ರಿಟ್ಜ್ ವರ್ನರ್ ಜೊತೆ ಸೇರಿ ಭಾರತ್ ಫ್ರಿಟ್ಜ್ ವರ್ನರ್ ಇದೇ ಊರಿನಲ್ಲಿ ಹುಟ್ಟಿ ಮಿಲ್ಲಿಂಗ್ ಮೆಷಿನ್ ಮಾಡತೊಡಗಿತು. 1962ರಲ್ಲಿ ತುಮಕೂರು ರಸ್ತೆಯಲ್ಲಿ ಮೆಷಿನ್ ಟೂಲ್ ಸಂಶೋಧನೆಗೆ ಅಂತಲೇ ಸಿಎಂಟಿಐ ಬಂತು. ಈಗಿನ ಹುಡುಗರಿಗೆ ಬೆಂಗಳೂರು ಅಂದರೆ ಸಾಫ್ಟ್‌ವೇರ್. ನಮ್ಮ ಮಾವನ ತಲೆಮಾರಿಗೆ ಇದು ಮೆಷಿನ್ ಮಾಡುವ ಮೆಷಿನ್‌ಗಳ ಊರು. ಅವರ ಮನೆಯಲ್ಲಿ ಇವತ್ತಿಗೂ ಹೊತ್ತು ಹೇಳುವಾಗ "ಸೆಕೆಂಡ್ ಶಿಫ್ಟ್ ಬಿಡೋ ಟೈಮು" ಅನ್ನುತ್ತಾರೆ.

ಅವರಿಗೆ ಈಗ 78. ಮೊದಲ ದಿನ ಬಂದವರು ಮೆಷಿನ್ ಸುತ್ತ ಎರಡು ಸುತ್ತು ಹಾಕಿದರು. ಉಟ್ಟಿದ್ದ ಪಂಚೆ ಬಿಚ್ಚಿ, ಚೀಲದಿಂದ ಹಳೇ ಖಾಕಿ ಪ್ಯಾಂಟು ತೆಗೆದು ಹಾಕಿಕೊಂಡರು. ವಾಚು, ಉಂಗುರ ತೆಗೆದು ಕಿಟಕಿಯಲ್ಲಿಟ್ಟರು. "ಪಂಚೆ ಉಟ್ಕೊಂಡು ಮೆಷಿನ್ ಹತ್ರ ಬರಬಾರದು ಕಣೋ. ಗ್ಲೌಸೂ ಹಾಕಬಾರದು. ಅದು ಬಟ್ಟೆ ಹಿಡ್ಕೊಂಡ್ರೆ ಬಿಡಲ್ಲ" ಅಂದರು. ಮೆಷಿನ್‌ಗೆ ಇನ್ನೂ ಕರೆಂಟು ಕೊಟ್ಟಿರಲಿಲ್ಲ.

ಮೂರು ತಿಂಗಳು ಬಿಚ್ಚಿದ್ದು, ತೊಳೆದದ್ದು. ಸೀಮೆಎಣ್ಣೆ ಈಗ ಸುಲಭಕ್ಕೆ ಸಿಗುವುದಿಲ್ಲ, ಡೀಸೆಲ್‌ನಲ್ಲಿ ತೊಳೆದೆವು. ಸಣ್ಣ ಭಾಗಗಳ ತುಕ್ಕಿಗೆ ವಾಷಿಂಗ್ ಸೋಡಾ ನೀರು ಮತ್ತು ಹಳೇ ಬ್ಯಾಟರಿ ಚಾರ್ಜರ್. ಇನ್ನೊಂದು ತುದಿಗೆ ಮಾಮೂಲಿ ಕಬ್ಬಿಣದ ತುಂಡು ಕಟ್ಟಬೇಕು. ಸ್ಟೀಲ್ ಲೋಟದ ಸ್ಟೀಲು ಬೇಡ, ಅದರಿಂದ ಬರುವ ಕ್ರೋಮಿಯಂ ವಿಷ. ಹೊರಗೆ, ಗಾಳಿ ಆಡುವ ಕಡೆ ಇಡಬೇಕು, ಹೈಡ್ರೋಜನ್ ಏಳುತ್ತದೆ. ಬಣ್ಣ ಕೆರೆಯುವಾಗ ಮೂರು ಪದರ ಸಿಕ್ಕವು. ಮೇಲೆ ನೀಲಿ, ನಡುವೆ ತಿಳಿ ಹಸಿರು, ತಳದಲ್ಲಿ ಬೂದು. ಹಸಿರಿಗೂ ನೀಲಿಗೂ ನಡುವೆ, ಮೇಲಿನ ತೋಳಿನ ಹಣೆಯ ಮೇಲೆ, ಒಂದು ಕೆಂಪು ಬೊಟ್ಟು ಹಾಗೇ ಕೂತಿತ್ತು. ಯಾವುದೋ ಆಯುಧಪೂಜೆಯ ಕುಂಕುಮ. ಒರೆಸದೆ ಅದರ ಮೇಲೇ ಬಣ್ಣ ಹೊಡೆದಿದ್ದಾರೆ. ನಾನು ಅಲ್ಲಿ ಕೆರೆಯುವುದು ನಿಲ್ಲಿಸಿದೆ. ಅಂಗೈ ಅಗಲದ ಆ ಜಾಗ ಈಗಲೂ ಹಾಗೇ ಇದೆ.

ಕರೆಂಟಿನ ವಿಷಯ ಬೇಗ ಮುಗಿಸುತ್ತೇನೆ. ನಮ್ಮ ಮನೆಗೆ ಸಿಂಗಲ್ ಫೇಸ್. ಮೋಟಾರ್ ಒಂದೂವರೆ ಎಚ್‌ಪಿ, ತ್ರೀ ಫೇಸ್, 415 ವೋಲ್ಟ್. ವಿಎಫ್‌ಡಿ ಅನ್ನುವ ಎಲೆಕ್ಟ್ರಾನಿಕ್ ಡ್ರೈವ್ ಹಾಕಿದರೆ ಸಿಂಗಲ್ ಫೇಸ್‌ನಿಂದ ತ್ರೀ ಫೇಸ್ ಬರುತ್ತದೆ, ಆದರೆ 230 ವೋಲ್ಟ್ ಮಾತ್ರ. ಮೋಟಾರಿನ ಒಳಗಿನ ಸುರುಳಿಗಳ ಜೋಡಣೆಯನ್ನು ಸ್ಟಾರ್‌ನಿಂದ ಡೆಲ್ಟಾಕ್ಕೆ ಬದಲಾಯಿಸಿದರೆ ಆ ವೋಲ್ಟೇಜ್‌ಗೆ ಸರಿಹೋಗುತ್ತದೆ. ಅದಕ್ಕೆ ಆರು ತಂತಿ ಹೊರಗೆ ಬಂದಿರಬೇಕು. ನನ್ನದರಲ್ಲಿ ಮೂರೇ ಇದ್ದವು, ಸ್ಟಾರ್ ಒಳಗೇ ಕಟ್ಟಿಬಿಟ್ಟಿದ್ದರು. ರಿವೈಂಡಿಂಗ್ ಅಂಗಡಿಯಲ್ಲಿ ಬಿಚ್ಚಿಸಿ ಆರೂ ತುದಿ ಹೊರಗೆ ತೆಗೆಸಿದೆ. ವಿಎಫ್‌ಡಿ ಎಸ್‌ಪಿ ರೋಡಿನಲ್ಲಿ ಸಿಕ್ಕಿತು.

ಸವೆತ

ಟೇಬಲ್ ಎತ್ತಿ ಕೆಳಗಿನ ಸ್ಲೈಡ್ ನೋಡಿದಾಗ ನನಗೆ ಬೇಜಾರಾಯಿತು. ಎರಡು ತುದಿಗಳಲ್ಲಿ ಕಾರ್ಖಾನೆಯಲ್ಲಿ ಹೊಡೆದ ಸ್ಕ್ರೇಪಿಂಗ್ ಗುರುತು, ಆ ಸಾಲು ಸಾಲು ಅರ್ಧಚಂದ್ರ, ನಿನ್ನೆ ಹೊಡೆದ ಹಾಗಿತ್ತು. ನಡುವಿನ ಒಂದು ಗೇಣು ಜಾಗದಲ್ಲಿ ಒಂದೂ ಇಲ್ಲ. ಕನ್ನಡಿ ಹಾಗೆ ನುಣ್ಣಗಾಗಿತ್ತು. ಎಲ್ಲರೂ ಜಾಬನ್ನು ಟೇಬಲ್ ನಡುವೆಯೇ ಕಟ್ಟುತ್ತಾರೆ ಅಲ್ವಾ, ಹಾಗಾಗಿ ನಡುವೆಯೇ ಸವೆಯುತ್ತದೆ. ಅದರ ಫಲ ಏನೆಂದರೆ, ನಡುವೆ ಲೂಸ್ ಇರದ ಹಾಗೆ ಗಿಬ್ (ಸ್ಲೈಡಿನ ಲೂಸ್ ತೆಗೆಯುವ ಪಟ್ಟಿ) ಬಿಗಿ ಮಾಡಿದರೆ ತುದಿಗೆ ಹೋದಾಗ ಟೇಬಲ್ ಕಚ್ಚಿಕೊಂಡು ನಿಲ್ಲುತ್ತದೆ. ತುದಿಗೆ ಸರಿಮಾಡಿದರೆ ನಡುವೆ ಅಲ್ಲಾಡುತ್ತದೆ.

ನನಗೆ ಎಲ್ಲವನ್ನೂ ಹೊಸದಾಗಿ ಸ್ಕ್ರೇಪ್ ಮಾಡಿಸುವ ಆಸೆ. ಮಾವನೇ ಇದ್ದಾರಲ್ಲ. ಅವರು ಟೇಬಲ್‌ನ ತಳಕ್ಕೆ ಬ್ಲೂ, ಅಂದರೆ ಎಲ್ಲೆಲ್ಲಿ ತಾಗುತ್ತದೆ ಅಂತ ತೋರಿಸುವ ನೀಲಿ ಬಣ್ಣ, ಹಚ್ಚಿದರು, ಒಮ್ಮೆ ಎಳೆದರು, ತಿರುಗಿಸಿ ನೋಡಿದರು. ತುದಿಗಳಲ್ಲಿ ಮಾತ್ರ ನೀಲಿ ಹತ್ತಿತ್ತು. ತುಂಬ ಹೊತ್ತು ಆ ಅರ್ಧಚಂದ್ರಗಳ ಮೇಲೆ ಹೆಬ್ಬೆರಳು ಆಡಿಸಿದರು. ಒಬ್ಬೊಬ್ಬರ ಕೈ ಒಂದೊಂದು ಥರ ಇರುತ್ತಿತ್ತಂತೆ. ಗುರುತು ನೋಡಿದರೆ ಯಾರು ಹೊಡೆದದ್ದು ಅಂತ ಸೆಕ್ಷನ್‌ನಲ್ಲಿ ಎಲ್ಲರಿಗೂ ಗೊತ್ತಾಗುತ್ತಿತ್ತಂತೆ. "ಇದು ನಮ್ಮೋರ ಕೈ ಅಲ್ಲ. ಆದ್ರೆ ಒಳ್ಳೇ ಕೈ" ಅಂದರು. ಆಮೇಲೆ, "ಇದನ್ನ ಮುಟ್ಟಬೇಡ" ಅಂದರು.

ನಾನು ಬಿಡಲಿಲ್ಲ, ಯಾಕೆ ಮಾವ ಅಂದೆ. ಅವರು ಚಾಕ್‌ಪೀಸ್ ತಗೊಂಡು ಗೋಡೆ ಮೇಲೆ ಬರೆದು ತೋರಿಸಿದರು. ಸ್ಲೈಡ್ ಕೆರೆದರೆ ಟೇಬಲ್ ಕೆಳಗೆ ಇಳಿಯುತ್ತದೆ. ಟೇಬಲ್ ಇಳಿದರೆ ಅದನ್ನು ಸರಿಸುವ ಲೀಡ್ ಸ್ಕ್ರೂ ಇಳಿಯುತ್ತದೆ, ಆದರೆ ನಟ್ ಇದ್ದಲ್ಲೇ ಇರುತ್ತದೆ. ಆಗ ನಟ್ ಕೂರಿಸುವ ಜಾಗ ಸರಿಮಾಡಬೇಕು. ಟೇಬಲ್ ಸ್ಪಿಂಡಲ್‌ಗೆ ನೇರ ಇದೆಯಾ ಮತ್ತೆ ನೋಡಬೇಕು. ಇಲ್ಲದಿದ್ದರೆ ಟೇಬಲ್ ಕೆಳಗಿನ ಸ್ಯಾಡಲ್ ಕೆರೆಯಬೇಕು, ಆಮೇಲೆ ಅದನ್ನೆಲ್ಲ ಹೊತ್ತು ಮೇಲೆ ಕೆಳಗೆ ಹೋಗುವ 'ನೀ' (knee). ಒಂದು ಮುಟ್ಟಿದರೆ ಎಲ್ಲವನ್ನೂ ಮುಟ್ಟಬೇಕು. "ನಾಲ್ಕು ಜನ, ಒಂದು ತಿಂಗಳ ಕೆಲಸ. ನನ್ನ ಭುಜ ಈಗ ಕೇಳಲ್ಲ. ನಿನ್ನ ಜಾಬ್ ಎಷ್ಟು ಉದ್ದ ಇರತ್ತೆ ಹೇಳು" ಅಂದರು. ಒಂದು ಗೇಣು ದಾಟುವುದಿಲ್ಲ ಅಂದೆ. "ಹಾಗಾದ್ರೆ ನಡುವೆ ಸೆಟ್ ಮಾಡ್ಕೊ, ನಡುವೆನೇ ಕೆಲಸ ಮಾಡು."

ಆಗ ನನಗೆ ಇದು ಸಮಾಧಾನ ತರಲಿಲ್ಲ. ಸರಿಮಾಡಬಹುದಾದದ್ದನ್ನು ಬಿಟ್ಟುಬಿಟ್ಟೆವು ಅನ್ನಿಸಿತು. ಈಗ ನನ್ನ ಅಭಿಪ್ರಾಯ ಬೇರೆ. ಹಳೇ ಮೆಷಿನ್ ರಿಪೇರಿ ಅಂದರೆ ಎಲ್ಲ ಸವೆತ ತೆಗೆದು ಹೊಸದು ಮಾಡುವುದು ಅಂದುಕೊಂಡಿದ್ದೆ. ಲೀಡ್ ಸ್ಕ್ರೂನಲ್ಲಿ 0.8 ಮಿ.ಮೀ. ಪ್ಲೇ ಇದೆ. ಹ್ಯಾಂಡಲ್ ಅಷ್ಟು ತಿರುಗಿದರೂ ಟೇಬಲ್ ಅಲ್ಲಾಡುವುದಿಲ್ಲ. ಅದು ನನಗೆ ಗೊತ್ತಿರುವವರೆಗೂ ತೊಂದರೆ ಇಲ್ಲ. ಅಳತೆಗೆ ಯಾವಾಗಲೂ ಒಂದೇ ದಿಕ್ಕಿನಿಂದ ಬರುತ್ತೇನೆ. ದಾಟಿ ಹೋದರೆ ಒಂದು ಪೂರ್ತಿ ಸುತ್ತು ಹಿಂದಕ್ಕೆ ತಿರುಗಿಸಿ ಮತ್ತೆ ಬರುತ್ತೇನೆ. ಕೈಗೆ ಅದು ಅಭ್ಯಾಸವಾಗಿಬಿಟ್ಟಿದೆ.

ನಾನು ಹೇಳದೇ ಇದ್ದದ್ದು

ಆದರೆ ಅದೇ 0.8 ಮಿ.ಮೀ. ಒಂದು ದಿನ ನನ್ನನ್ನು ಹೆದರಿಸಿತ್ತು. ಮೆಷಿನ್ ಓಡಲು ಶುರುವಾದ ಎರಡನೇ ವಾರ. ಮಾವ ಊರಿನಲ್ಲಿರಲಿಲ್ಲ. ಕಟ್ಟರ್ ತಿರುಗುವ ದಿಕ್ಕಿಗೆ ಎದುರಾಗಿ ಜಾಬ್ ಹೋಗಬೇಕು ಅಂತ ಅವರು ಹತ್ತು ಸಲ ಹೇಳಿದ್ದರು. ಹಾಗೆ ಹೋದರೆ ಕಟ್ಟರ್ ಜಾಬನ್ನು ಹಿಂದಕ್ಕೆ ತಳ್ಳುತ್ತದೆ, ಸ್ಕ್ರೂ ನಟ್ಟಿಗೆ ಒತ್ತಿಕೊಂಡೇ ಇರುತ್ತದೆ, ಪ್ಲೇ ಇದ್ದರೂ ಲೆಕ್ಕಕ್ಕೆ ಬರುವುದಿಲ್ಲ. ಕಟ್ಟರ್ ದಿಕ್ಕಿಗೇ ಜಾಬ್ ಹೋದರೆ ಅದು ಟೇಬಲನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಪ್ಲೇ ಎಷ್ಟಿದೆಯೋ ಅಷ್ಟೂ ಒಂದೇ ಸಲ ಒಳಗೆ ಹೋಗುತ್ತದೆ. ಆವತ್ತು ಒಂದು ಕಟ್ ಮುಗಿಸಿ, ಟೇಬಲ್ ವಾಪಸ್ ತರುವ ಮೊದಲೇ 'ನೀ' ಎತ್ತಿಬಿಟ್ಟೆ. ಆಮೇಲೆ ಹ್ಯಾಂಡಲ್ ಹಿಂದಕ್ಕೆ ತಿರುಗಿಸಿದೆ.

ಧಡ್ ಅಂತ ಒಂದೇ ಶಬ್ದ. ವೈಸ್‌ನಿಂದ ಜಾಬ್ ಕಿತ್ತು ಗೋಡೆಗೆ ಬಡಿಯಿತು. ಕಟ್ಟರ್ ನಿಂತಿತು, ಬೆಲ್ಟ್ ಜಾರಿ ಕಿರ್ ಅಂತು. ಸ್ವಿಚ್ ಆರಿಸಿದ ಮೇಲೂ ಕಾಲು ನಡುಗುತ್ತಿತ್ತು. ಕಟ್ಟರ್‌ನ ಎರಡು ಹಲ್ಲಿನ ಮೂಲೆ ಹಾರಿತ್ತು. ಗೋಡೆಯಲ್ಲಿ ಗಾರೆ ಕಿತ್ತುಹೋಗಿತ್ತು. ಆ ಜಾಗದಲ್ಲಿ ಸ್ವಲ್ಪ ಹೊತ್ತಿನ ಮುಂಚೆ ನನ್ನ ಮಗಳು ಕಾಫಿ ಹಿಡಿದು ನಿಂತಿದ್ದಳು. ಮಾರನೇ ದಿನ ಬೇರೆ ಕಟ್ಟರ್ ಹಾಕಿ ಓಡಿಸಿದೆ. ಟಕ್, ಟಕ್, ಟಕ್. ಮೊದಲೂ ಹೀಗೇ ಇತ್ತಾ? ಆಗ ಬೆಲ್ಟ್, ಬೇರಿಂಗ್, ಎಣ್ಣೆ ಅಂತ ಬೇರೆ ಬೇರೆ ಕಡೆ ಗಮನ ಇತ್ತು, ಕೇಳಿಸಿಕೊಂಡ ನೆನಪಿಲ್ಲ. ಆರ್ಬರ್ ಬಗ್ಗಿಸಿಬಿಟ್ಟೆ ಅಂತ ತೀರ್ಮಾನ ಮಾಡಿಕೊಂಡೆ. ಎಷ್ಟೋ ಕೈ ದಾಟಿ, ಅಷ್ಟು ವರ್ಷ ಬಾಳಿ ಬಂದದ್ದನ್ನು ಎರಡೇ ವಾರದಲ್ಲಿ ಹಾಳು ಮಾಡಿದೆ ಅನ್ನುವ ನೋವು. ಮಾವ ಬಂದಾಗ ಹೇಳಲು ಬಾಯಿ ಬರಲಿಲ್ಲ. ಗೋಡೆಗೆ ಗಾರೆ ಹಚ್ಚಿದೆ.

ನಾಲ್ಕು ತಿಂಗಳು ಕಳೆದ ಮೇಲೆ, ಒಂದು ಭಾನುವಾರ ಮಧ್ಯಾಹ್ನ, ಅವರೇ ಸ್ಟೂಲ್ ಎಳೆದುಕೊಂಡು ಕೂತರು. "ಕಟ್ ಹಾಕು, ಕೇಳ್ತೀನಿ" ಅಂದರು. ಹಾಕಿದೆ. ಕಣ್ಣು ಮುಚ್ಚಿ ಕೇಳಿದರು. "ನಿಲ್ಲಿಸು. ಡಯಲ್ ತಗೊಂಡು ಬಾ." ಕಟ್ಟರ್ ಪಕ್ಕದ ಸ್ಪೇಸರ್ ಮೇಲೆ ಡಯಲ್, ಅಂದರೆ ಸಣ್ಣ ಏರಿಳಿತ ಅಳೆಯುವ ಮುಳ್ಳಿನ ಗೇಜ್, ಇಟ್ಟು ಕೈಯಲ್ಲಿ ಆರ್ಬರ್ ತಿರುಗಿಸಿದರು. ಮುಳ್ಳು 0.12 ಮಿ.ಮೀ. ಓಡಾಡಿತು. ಇದು ಕಡಿಮೆ ಅನ್ನಿಸಬಹುದು. ನಾನು ಮೂರು ಸೆಕೆಂಡಿಗೆ ಒಂದು ಸುತ್ತಿನಂತೆ ಹ್ಯಾಂಡಲ್ ತಿರುಗಿಸಿದರೆ, ಒಂದು ಹಲ್ಲಿನ ಪಾಲಿಗೆ ಬರುವ ಫೀಡ್ 0.1 ಮಿ.ಮೀ. ಒಂದು ಮಿಲಿಮೀಟರ್ ಆಳದ ಕಟ್‌ನಲ್ಲಿ ಹಲ್ಲು ಓರೆಯಾಗಿ ಕೆರೆದುಕೊಂಡು ಬರುವುದರಿಂದ ಚೂರಿನ ದಪ್ಪ ಅದರ ಕಾಲು ಭಾಗವೂ ಇರುವುದಿಲ್ಲ. ಅಷ್ಟು ತೆಳ್ಳನೆಯ ಚೂರಿನ ಮುಂದೆ 0.12 ತುಂಬಾ ದೊಡ್ಡದು. ಒಂದು ಕಡೆಯ ಹಲ್ಲುಗಳು ಎಲ್ಲವನ್ನೂ ಕಡಿದುಹಾಕುತ್ತವೆ, ಇನ್ನೊಂದು ಕಡೆಯವಕ್ಕೆ ಏನೂ ಉಳಿಯುವುದಿಲ್ಲ.

ಡಯಲ್‌ನಿಂದ ಕಣ್ಣು ತೆಗೆಯದೆ ಮಾವ ಕೇಳಿದರು, "ಯಾವತ್ತಾದ್ರೂ ಕಚ್ಚಿಕೊಂಡಿತ್ತಾ?"

ಹೇಳಿದೆ. ಎಲ್ಲ ಹೇಳಿದೆ. ಅವರು ಎದ್ದು ಗೋಡೆ ಹತ್ತಿರ ಹೋಗಿ ಗಾರೆ ಹಚ್ಚಿದ ಜಾಗ ಮುಟ್ಟಿ ನೋಡಿದರು. "ಮಗು ಇಲ್ಲಿಗೆ ಬರೋದಾದ್ರೆ ಮೊದ್ಲು ಮೆಷಿನ್ ಆಫ್" ಅಂದರು. ಬೇರೇನೂ ಅನ್ನಲಿಲ್ಲ. ವಾಪಸ್ ಬಂದು ಆರ್ಬರ್ ನಟ್ ಸಡಿಲ ಮಾಡಿದರು. ಪೂರ್ತಿ ಬಿಚ್ಚಲಿಲ್ಲ, ಅರ್ಧ ಸುತ್ತು ಅಷ್ಟೆ. ಮತ್ತೆ ಆರ್ಬರ್ ಮೇಲೆಯೇ ಡಯಲ್ ಇಟ್ಟು ತಿರುಗಿಸಿದರು. 0.02.

ನನಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಆರ್ಬರ್ ಬಗ್ಗಿದ್ದರೆ ನಟ್ ಸಡಿಲ ಮಾಡಿದರೂ ಬಗ್ಗಿಯೇ ಇರಬೇಕಿತ್ತು. ನಟ್ ಬಿಗಿದಾಗ ಮಾತ್ರ ಬಗ್ಗುತ್ತಿದೆ. ಅಂದರೆ ಬಳೆಗಳಲ್ಲಿ ಒಂದು ಸರಿಯಿಲ್ಲ. ಸ್ಪೇಸರ್‌ನ ಎರಡು ಮುಖ ಒಂದಕ್ಕೊಂದು ಸಮ ಇರಬೇಕು. ಒಂದು ಕಡೆ ಕೂದಲೆಳೆ ಎತ್ತರ ಇದ್ದರೂ, ನಟ್ಟಿನ ಬಿಗಿ ಆ ಎತ್ತರವನ್ನು ಒತ್ತಿ ಇಡೀ ಕಂಬಿಯನ್ನು ಬಿಲ್ಲಿನ ಹಾಗೆ ಬಾಗಿಸುತ್ತದೆ. ಒಂಬತ್ತು ಸ್ಪೇಸರ್ ಬಿಚ್ಚಿ ಒಂದೊಂದಾಗಿ ಸರ್ಫೇಸ್ ಪ್ಲೇಟ್ ಮೇಲೆ ಇಟ್ಟು ಡಯಲ್ ಕೆಳಗೆ ತಿರುಗಿಸಿದೆವು. ಆರನೆಯದು ಒಂದು ಕಡೆ 0.03 ಎತ್ತರ ಇತ್ತು. ಅಂಚಿನಲ್ಲಿ ಒಂದು ಪೆಟ್ಟು, ಪೆಟ್ಟಿನ ಪಕ್ಕ ಉಬ್ಬಿದ ಬರ್. ಯಾರೋ ಬೀಳಿಸಿದ್ದಾರೆ.

ಮಾವ ಅದನ್ನು ಕಿಟಕಿ ಬೆಳಕಿಗೆ ಹಿಡಿದರು. ಕನ್ನಡಕ ಹಣೆಗೆ ಏರಿಸಿ ಹತ್ತಿರದಿಂದ ನೋಡಿದರು. ನನಗೆ ಕೊಟ್ಟರು. "ಪೆಟ್ಟಿನ ಒಳಗೆ ನೋಡು." ಪೆಟ್ಟು ಬಿದ್ದ ಗುಳಿಯ ತಳದಲ್ಲಿ ಕಪ್ಪಗೆ ಗಟ್ಟಿಯಾದ ತುಕ್ಕು. ಎಷ್ಟೋ ವರ್ಷದ್ದು. ನಾನು ಈ ಮೆಷಿನ್ ನೋಡುವುದಕ್ಕೂ ಮುಂಚಿನದ್ದು. "ನೀನಲ್ಲ" ಅಂದರು. ಅಷ್ಟು ಹೇಳಿ ಆಯಿಲ್ ಸ್ಟೋನ್ ಮೇಲೆ ಆ ಉಬ್ಬನ್ನು ಉಜ್ಜಲು ಕೂತರು. ನಾನು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಎಲ್ಲ ಒರೆಸಿ, ಅಂಗೈಯಲ್ಲಿ ಸವರಿ ನೋಡಿ, ಸಪೋರ್ಟ್ ಹಾಕಿದ ಮೇಲೆಯೇ ನಟ್ ಬಿಗಿದೆವು. ಸಪೋರ್ಟ್ ಇಲ್ಲದೆ ಬಿಗಿದರೆ ಸ್ಪ್ಯಾನರ್ ಎಳೆತಕ್ಕೇ ಆರ್ಬರ್ ಬಗ್ಗುವ ಭಯ ಇರುತ್ತದೆ. ಡಯಲ್ 0.04 ತೋರಿಸಿತು. ಕಟ್ ಹಾಕಿದೆ. ಟಕ್ ಹೋಗಿ ಒಂದು ಏರಿಳಿತ ಉಳಿಯಿತು, ಉಯ್ಯಾಲೆ ತೂಗಿದ ಹಾಗೆ. ಇದನ್ನೂ ತೆಗೀಬಹುದಾ ಅಂದೆ. ಕಟ್ಟರ್ ಸಾಣೆ ಹಿಡಿಯುವಾಗಲೇ ಒಂದಿಷ್ಟು ಹೆಚ್ಚುಕಡಿಮೆ ಆಗಿರುತ್ತದೆ, ಹಾರಿಜಾಂಟಲ್‌ನಲ್ಲಿ ಇಷ್ಟು ಇರುತ್ತದೆ ಅಂದರು.

ಮೂವತ್ತಮೂರನೇ ಸಲ

ಇಷ್ಟೆಲ್ಲ ಮಾಡಿ ಏನು ಮಾಡುತ್ತೀಯ ಅಂತ ಎಲ್ಲರೂ ಕೇಳುತ್ತಾರೆ. ಈಗ ಮಿಲ್ಲಿಂಗ್ ಕೆಲಸವೆಲ್ಲ ವರ್ಟಿಕಲ್ ಮೆಷಿನ್‌ನಲ್ಲಿ, ಸಿಎನ್‌ಸಿಯಲ್ಲಿ ನಡೆಯುತ್ತದೆ. ಅಡ್ಡ ಆರ್ಬರ್ ಮೆಷಿನ್‌ಗೆ ಬೇಡಿಕೆ ಇಲ್ಲ. ಅಮೆರಿಕದ ಬ್ರೌನ್ ಅಂಡ್ ಶಾರ್ಪ್‌ನಲ್ಲಿ ಜೋಸೆಫ್ ಬ್ರೌನ್ 1862ರಲ್ಲಿ ಯೂನಿವರ್ಸಲ್ ಮಿಲ್ಲಿಂಗ್ ಮೆಷಿನ್ ಮಾಡಿದ್ದು ಡ್ರಿಲ್ ಬಿಟ್‌ನ ಸುರುಳಿ ಗ್ರೂವ್ ತೆಗೆಯುವುದಕ್ಕೆ. ಅಲ್ಲಿಯವರೆಗೆ ಅದನ್ನು ಕೈಯಲ್ಲಿ ಅರದಿಂದ ಉಜ್ಜುತ್ತಿದ್ದರು. ನನ್ನ ಕೆಲಸಗಳು ಅದಕ್ಕಿಂತ ಸಣ್ಣವು. ಪಕ್ಕದ ಮನೆಯವರ ಗ್ರೈಂಡರ್ ಶಾಫ್ಟಿಗೆ ಒಂದು ಕೀವೇ (ಕೀ ಕೂರುವ ಗ್ರೂವ್). ಮಗಳ ಸ್ಕೂಲ್ ಪ್ರಾಜೆಕ್ಟಿಗೆ ಒಂದು ಅಲ್ಯೂಮಿನಿಯಂ ತುಂಡು. ಅಕ್ಕಪಕ್ಕದವರಿಗೆ ತೊಂದರೆ ಆಗದ ಹಾಗೆ ಸಂಜೆ ಏಳರೊಳಗೆ ನಿಲ್ಲಿಸುತ್ತೇನೆ.

ಒಂದು ಕೆಲಸ ಮಾತ್ರ ಮೆಷಿನ್‌ನದ್ದೇ ಬಾಕಿ ಇತ್ತು. ಅದರ ಆಟೋ ಫೀಡ್ ಗೇರಿನಲ್ಲಿ ಎರಡು ಹಲ್ಲು ಮುರಿದಿತ್ತು. ಅದಕ್ಕೇ ಇಷ್ಟು ದಿನ ಕೈಯಲ್ಲಿ ಹ್ಯಾಂಡಲ್ ತಿರುಗಿಸುತ್ತಿದ್ದದ್ದು. ಜಾಲಿ ಮೊಹಲ್ಲಾದ ಗುಜರಿಗಳಲ್ಲಿ ಹುಡುಕಿದೆ, ಸಿಗಲಿಲ್ಲ. ಮುರಿದದ್ದೂ ಸೇರಿಸಿ ಹಲ್ಲು ಎಣಿಸಿದರೆ 32. ಹೊರಗಿನ ಅಳತೆ 68 ಮಿ.ಮೀ. ಹಲ್ಲಿಗೆ ಎರಡು ಸೇರಿಸಿ ಭಾಗಿಸಿದರೆ, 68ನ್ನು 34ರಿಂದ, ಮಾಡ್ಯೂಲ್, ಅಂದರೆ ಹಲ್ಲಿನ ಗಾತ್ರದ ಅಳತೆ, ಸರಿಯಾಗಿ 2. ಮೆಟ್ರಿಕ್ ಗೇರ್. ಇಂಗ್ಲೆಂಡಿನ ಹಳೇ ಮೆಷಿನ್ ಆಗಿದ್ದರೆ ಹೀಗೆ ಬರುತ್ತಿರಲಿಲ್ಲ. ಪ್ಲೇಟ್ ಇಲ್ಲದ ಈ ಮೆಷಿನ್ ಇಲ್ಲೇ ಎಲ್ಲೋ ಹುಟ್ಟಿದ್ದು ಅಂತ ಮಾವನ ಊಹೆ.

ಹೊಸ ಗೇರಿನ ಬ್ಲಾಂಕನ್ನು, ಅಂದರೆ ಹಲ್ಲು ಕಡಿಯದ ಕಾಸ್ಟ್ ಐರನ್ ಬಿಲ್ಲೆಯನ್ನು, ಲೇತ್ ಅಂಗಡಿಯಲ್ಲಿ ಟರ್ನ್ ಮಾಡಿಸಿದೆ. ಜಾಬನ್ನು ಸಮ ಭಾಗಗಳಾಗಿ ತಿರುಗಿಸುವ ಡಿವೈಡಿಂಗ್ ಹೆಡ್ ಮಾವನ ಹಳೇ ಸ್ನೇಹಿತರೊಬ್ಬರಿಂದ ಎರವಲು. ಕಟ್ಟರ್ ನಂಬರ್ 4, ಅದು 26ರಿಂದ 34 ಹಲ್ಲಿನವರೆಗೆ. ಹೆಡ್ಡಿನ ಹ್ಯಾಂಡಲ್ 40 ಸುತ್ತು ತಿರುಗಿದರೆ ಜಾಬ್ ಒಂದು ಸುತ್ತು. 32 ಹಲ್ಲಿಗೆ ಒಂದು ಪೂರ್ತಿ ಸುತ್ತು, ಮೇಲೆ ಹೆಡ್ಡಿನ ಪ್ಲೇಟಿನ 20 ತೂತಿನ ಸಾಲಿನಲ್ಲಿ ಐದು ತೂತು. ಪಿನ್ ಈಗ ಕೂತಿರುವ ತೂತನ್ನು ಲೆಕ್ಕಕ್ಕೆ ಹಿಡಿಯಬಾರದು. ಅಲ್ಲಿ ತಪ್ಪಿದರೆ ಒಂದೊಂದು ಹಲ್ಲಿಗೂ ಒಂದೊಂದು ತೂತು ಕಮ್ಮಿ ಬೀಳುತ್ತದೆ, ಕೊನೆಗೆ ಹೋಗುವವರೆಗೂ ಗೊತ್ತಾಗುವುದಿಲ್ಲ.

ಪೂರ್ತಿ ಆಳ 4.5 ಮಿ.ಮೀ. ಮೊದಲ ಸಲ 3.5 ತೆಗೆದು, ಎರಡನೇ ಸಲ ಉಳಿದದ್ದು ತೆಗೆಯುವ ಯೋಚನೆ. ಕಾಸ್ಟ್ ಐರನ್‌ಗೆ ಎಣ್ಣೆ ಬೇಡ, ಒಣಗೇ ಕಡಿಯಬೇಕು. ಇಬ್ಬರೂ ಮೂಗಿಗೆ ಬಟ್ಟೆ ಕಟ್ಟಿಕೊಂಡೆವು. ನಾನು ಟೇಬಲ್ ಹ್ಯಾಂಡಲ್, ಮಾವ ಡಿವೈಡಿಂಗ್ ಹ್ಯಾಂಡಲ್. "ಒಂದು ಸುತ್ತು... ಒಂದು, ಎರಡು, ಮೂರು, ನಾಲ್ಕು, ಐದು. ಲಾಕ್. ಹೋಗು." ಪ್ರತಿ ಸಲವೂ ಹಾಗೇ, ಜೋರಾಗಿ. ನಾನು ಗೋಡೆ ಮೇಲೆ ಚಾಕ್‌ನಲ್ಲಿ ಗೆರೆ ಹಾಕುತ್ತಿದ್ದೆ. ಕಪ್ಪು ಪುಡಿ ಉದುರುತ್ತಿತ್ತು. ಅದೇ ಏರಿಳಿತದ ಶಬ್ದ. ಇಪ್ಪತ್ತು ದಾಟಿದ ಮೇಲೆ ಇಬ್ಬರೂ ಮಾತು ನಿಲ್ಲಿಸಿದೆವು, ಅವರ ಎಣಿಕೆ ಬಿಟ್ಟರೆ.

ಮೂವತ್ತೆರಡನೇ ಕಟ್ ಮುಗಿಯಿತು. ಕೊನೆಯ ಹಲ್ಲು ಮೊದಲ ಹಲ್ಲಿನಷ್ಟೇ ದಪ್ಪ ಇದ್ದ ಹಾಗೆ ಕಂಡಿತು. ಕಣ್ಣನ್ನು ನಂಬುವ ಹಾಗಿಲ್ಲ. "ಇನ್ನೊಂದು ಸಲ" ಅಂದರು ಮಾವ. ಒಂದು ಸುತ್ತು, ಐದು ತೂತು, ಲಾಕ್. ಈಗ ಕಟ್ಟರ್ ಎದುರು ಬಂದು ನಿಂತದ್ದು ನಾವು ಮೊದಲು ಕಡಿದ ಸಂದು. ನಾನು ಹ್ಯಾಂಡಲ್ ತಿರುಗಿಸಿದೆ, ಮೂರು ಸೆಕೆಂಡಿಗೆ ಒಂದು ಸುತ್ತು. ಕಟ್ಟರ್ ಸಂದಿನೊಳಗೆ ಹೋಯಿತು. ಒಂದು ಶಬ್ದ ಇಲ್ಲ. ಮೋಟಾರ್ ಗುನುಗುವುದು, ಬೆಲ್ಟ್ ಸರಸರ, ಅಷ್ಟೆ. ಆ ಕಡೆಯಿಂದ ಹೊರಗೆ ಬಂತು. ಒಂದು ಚಿಟಿಕೆ ಪುಡಿಯೂ ಬೀಳಲಿಲ್ಲ.

ಮಾವ ಮೂಗಿಗೆ ಕಟ್ಟಿದ ಬಟ್ಟೆ ಇಳಿಸಿದರು. ನಾನು ಮೋಟಾರ್ ಆಫ್ ಮಾಡುವವರೆಗೆ ಕಾದರು. ಪೂರ್ತಿ ನಿಂತ ಮೇಲೆ ಬ್ರಷ್ ತಗೊಂಡು ಹಲ್ಲುಗಳ ನಡುವಿನ ಪುಡಿ ತೆಗೆಯತೊಡಗಿದರು. "'ನೀ' ಒಂದು ಮಿಲಿಮೀಟರ್ ಎತ್ತು. ಲೈಟ್ ಹಾಕು, ಕತ್ತಲಾಗ್ತಿದೆ" ಅಂದರು.